ತೊಳೆದು ತೊಳೆದು ಉರಿಯುವ ಕೈ: ಎಲ್ಲಿ ಒಡೆದಿದೆ ನೋಡಿ, ಕಾರಣ ಹಿಡಿಯಿರಿ

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಆರಿಸುವವರು, ಕುಮಟಾ-ಹೊನ್ನಾವರ ಕಡೆ ಶೆಟ್ಲಿ (ಸಿಗಡಿ) ಸುಲಿಯುವವರು, ಹೆದ್ದಾರಿ ಬದಿಯ ಖಾನಾವಳಿಯಲ್ಲಿ ತಟ್ಟೆ ತೊಳೆಯುವವರು, ಶಿರಸಿ ಸೀಮೆಯಲ್ಲಿ ಕೊಟ್ಟಿಗೆ, ಅಡುಗೆಮನೆ, ಬಚ್ಚಲು ಎಂದು ಬೆಳಗಿಂದ ರಾತ್ರಿವರೆಗೆ ಒದ್ದೆ ಕೈಯಲ್ಲೇ ಓಡಾಡುವವರು, ಆಸ್ಪತ್ರೆಯ ನರ್ಸ್‌ಗಳು. ಎಲ್ಲರ ದೂರು ಒಂದೇ: ಕೈ ಒಡೆಯುತ್ತದೆ, ಉರಿಯುತ್ತದೆ. ಕಾರಣ ಮಾತ್ರ ಒಂದೇ ಅಲ್ಲ. ಒಡಕು ಕೈಯ ಯಾವ ಜಾಗದಲ್ಲಿ ಶುರುವಾಯಿತು ಎನ್ನುವುದನ್ನು ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿಯಿತು.

ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆ ಇದ್ದರೆ, ಅಥವಾ 20 ಸಲಕ್ಕಿಂತ ಹೆಚ್ಚು ತೊಳೆದರೆ ಅದನ್ನು ಚರ್ಮಕ್ಕೆ ಅಪಾಯದ ‘ಒದ್ದೆ ಕೆಲಸ’ ಎಂದು ಲೆಕ್ಕ ಹಾಕುತ್ತಾರೆ. ಒಂದು ದಿನ ಎಣಿಸಿ ನೋಡಿ. ‘ಏಳೆಂಟು ಸಲ ಇರಬಹುದು’ ಎನ್ನುವವರ ಎಣಿಕೆ ಮಧ್ಯಾಹ್ನದ ಊಟದೊಳಗೇ ಹದಿನೈದು ದಾಟಿರುತ್ತದೆ.

ಗಾಳಿಯ ಮೇಲೆ ತಪ್ಪು ಹೊರಿಸುವ ಮುನ್ನ ಒಂದು ಮಾತು. ಘಟ್ಟದ ಮೇಲೆ ಡಿಸೆಂಬರ್-ಜನವರಿಯ ಒಣಗಾಳಿ ಕೈ ಒಡೆಸುವುದು ನಿಜ. ಕರಾವಳಿಯಲ್ಲಿ ಗಾಳಿಯ ತೇವಕ್ಕೆ ಬರವಿಲ್ಲ. ಅಂಕೋಲೆಯಲ್ಲಿ ಮೇ ತಿಂಗಳಲ್ಲೂ ಕೈ ಒಡೆಯುತ್ತಿದೆ ಎಂದರೆ ಹುಡುಕಬೇಕಾದ್ದು ಸಾಬೂನಿನ ಬಟ್ಟಲಿನಲ್ಲಿ.

ತೊಳೆದು ಹತ್ತು ನಿಮಿಷಕ್ಕೆ ಚರ್ಮ ಬಿಗಿಯುತ್ತದೆ, ಗೆಣ್ಣಿನ ಮೇಲೆ ಬೂದಿ ಬಳಿದಂತೆ ಕಾಣುತ್ತದೆ

ಇದು ಮೊದಲ ಹಂತ. ಇಲ್ಲಿಯೇ ಹಿಡಿದರೆ ಖರ್ಚು ಕಡಿಮೆ.

ಚರ್ಮದ ಮೇಲ್ಪದರವನ್ನು ಚಿರೇಕಲ್ಲಿನ ಗೋಡೆ ಅಂದುಕೊಳ್ಳಿ. ಕಲ್ಲುಗಳ ನಡುವಿನ ಗಾರೆಯ ಜಾಗದಲ್ಲಿರುವುದು ಜಿಡ್ಡು. ಆ ಜಿಡ್ಡು ಒಳಗಿನ ನೀರನ್ನು ಹಿಡಿದಿಡುತ್ತದೆ. ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 4.5ರಿಂದ 5.5. ಮಾಮೂಲಿ ಸಾಬೂನಿನದು 9ರಿಂದ 10, ಅಂದರೆ ಕ್ಷಾರ. ಕ್ಷಾರ ತಗುಲಿದಾಗ ಮೇಲ್ಪದರ ಊದುತ್ತದೆ, ಜಿಡ್ಡು ಕರಗಿ ಹೋಗುತ್ತದೆ, ನೀರು ಆರುವಾಗ ಒಳಗಿನ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಮತ್ತೆ ಜಿಡ್ಡು ಕೂಡುವುದರೊಳಗೆ ಇನ್ನೊಂದು ಸಲ ತೊಳೆದಿರುತ್ತೀರಿ.

ಕಾಸಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ನೀರು ಎಷ್ಟು ಬಿಸಿ? ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಬಿಸಿನೀರು ದಿನವಿಡೀ ಸಿಗುತ್ತದೆ, ಚಳಿಯಲ್ಲಿ ಕೈಗೆ ಹಿತವೂ ಹೌದು. ಆದರೆ ನೀರು ಬಿಸಿಯಾದಷ್ಟೂ ಜಿಡ್ಡು ಬೇಗ ಹೋಗುತ್ತದೆ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಕೈ ಶುದ್ಧ ಮಾಡುವುದು ಸಾಬೂನು ಮತ್ತು 20 ಸೆಕೆಂಡಿನ ಉಜ್ಜುವಿಕೆ, ನೀರಿನ ಬಿಸಿಯಲ್ಲ.

ಆಮೇಲೆ ಒರೆಸುವ ಬಗೆ. ಸೆರಗಿಗೋ ಲುಂಗಿಗೋ ಗಸಗಸ ಉಜ್ಜುವುದು ಬೇಡ, ಹತ್ತಿ ಟುವಾಲಿನಿಂದ ಒತ್ತಿ ಒರೆಸಿ. ಬೆರಳ ಸಂದಿ ಮರೆಯಬೇಡಿ. ಮಳೆಗಾಲದಲ್ಲಿ ಮೂರು ದಿನ ಒಣಗದ ಟುವಾಲಿನಲ್ಲೇ ಮನೆಮಂದಿಯೆಲ್ಲ ಒರೆಸಿಕೊಳ್ಳುವುದಾದರೆ ಒರೆಸದಿರುವುದೇ ವಾಸಿ. ಚಿಕ್ಕ ಚಿಕ್ಕ ತುಂಡು ಬಟ್ಟೆ ನಾಲ್ಕು ಇಟ್ಟುಕೊಂಡು ಒಲೆಯ ಹತ್ತಿರದ ಹಗ್ಗದಲ್ಲಿ ಒಣಗಿಸಿ.

ಮೂರನೆಯದು ಸಾಬೂನು. ಹೊದಿಕೆಯ ಮೇಲಿನ ಟಿಎಫ್‌ಎಂ (ಸಾಬೂನಿನ ಒಟ್ಟು ಕೊಬ್ಬಿನಂಶ) ಅಂಕೆ ನೋಡಿ ಕೊಳ್ಳುವವರಿದ್ದಾರೆ. 76ಕ್ಕಿಂತ ಹೆಚ್ಚಿದ್ದರೆ ಅದು ಮೊದಲ ದರ್ಜೆಯ ಸ್ನಾನದ ಸಾಬೂನು, ನಿಜ. ಆದರೆ ಟಿಎಫ್‌ಎಂ ಹೆಚ್ಚಿದೆ ಎಂದು ಕ್ಷಾರ ಕಡಿಮೆಯಾಗುವುದಿಲ್ಲ. ಒಡೆದ ಕೈಗೆ ಬೇಕಾದ್ದು ಸಿಂಡೆಟ್ ಬಾರ್ (ಸಾಬೂನಿನಂತೆ ಕಾಣುವ, ಆದರೆ ಕ್ಷಾರವಲ್ಲದ ಬಿಲ್ಲೆ), ಅಥವಾ ಪಿಎಚ್ 5.5 ಎಂದು ಬರೆದಿರುವ, ಪರಿಮಳವಿಲ್ಲದ ಕೈ ತೊಳೆಯುವ ದ್ರವ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚು. ಮನೆಯವರಿಗೆಲ್ಲ ಅದೇ ಬೇಕೆಂದಿಲ್ಲ, ಒಡೆದ ಕೈಯವರಿಗೊಂದು ಇರಲಿ.

ಬೂದಿ, ತೆಂಗಿನ ಕತ್ತದಲ್ಲಿ ಪಾತ್ರೆ ತಿಕ್ಕುವುದು ‘ನೈಸರ್ಗಿಕ’, ಹಾಗಾಗಿ ಕೈಗೆ ಒಳ್ಳೆಯದು ಎಂಬ ನಂಬಿಕೆ ಇದೆ. ಒಲೆಬೂದಿ ಸಾಬೂನಿಗಿಂತ ಕಟುವಾದ ಕ್ಷಾರ, ಕತ್ತದ ನಾರು ಅದರ ಮೇಲೆ ತರಚುತ್ತದೆ. ಅಂಟವಾಳ, ಸೀಗೆ ಕ್ಷಾರವಲ್ಲ, ಆದರೂ ಜಿಡ್ಡು ತೆಗೆಯುವುದೇ ಅವುಗಳ ಕೆಲಸ, ಬಿರುಕಿಗೆ ಇಳಿದರೆ ಉರಿಸುತ್ತವೆ.

ನೀರನ್ನೂ ಒಮ್ಮೆ ನೋಡಿ. ಕರಾವಳಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ನೊರೆ ಏಳುತ್ತಿಲ್ಲ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತಿದೆ ಎಂದರೆ ಗಡಸು ನೀರು. ನೊರೆ ಬರಲಿಲ್ಲವೆಂದು ಸಾಬೂನು ಹೆಚ್ಚು ಹಾಕುತ್ತೀರಿ, ಅದು ಪೂರ್ತಿ ತೊಳೆದು ಹೋಗದೆ ಕೈಮೇಲೆ ಉಳಿಯುತ್ತದೆ. ಕೊನೆಯ ಒಂದು ಚೊಂಬು ಮಳೆನೀರೋ ಕುಡಿಯುವ ನೀರೋ ಆಗಿರಲಿ.

ಕೊನೆಗೆ ಜಿಡ್ಡು. ಹೆಚ್ಚಿನವರು ಸೋಲುವುದು ಇಲ್ಲಿ, ಅದೂ ಯಾವ ಕ್ರೀಮ್ ಎಂಬುದರಲ್ಲಿ ಅಲ್ಲ, ಎಷ್ಟು ಮತ್ತು ಯಾವಾಗ ಎಂಬುದರಲ್ಲಿ. ಕೈ ಒರೆಸಿದ 3 ನಿಮಿಷದೊಳಗೆ, ಚರ್ಮ ಇನ್ನೂ ತುಸು ತೇವ ಇರುವಾಗಲೇ ಹಚ್ಚಬೇಕು. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಮೇಲೆ-ಕೆಳಗೆ ಎರಡೂ ಬದಿಗೆ ಅಷ್ಟು ಬೇಕು, ಎರಡು ಕೈಗೆ ಒಂದು ಗ್ರಾಂ. ದಿನಕ್ಕೆ ಆರು ಸಲ ಹಚ್ಚಿದರೆ 30 ಗ್ರಾಂ ಟ್ಯೂಬ್ ಐದೇ ದಿನಕ್ಕೆ ಖಾಲಿ. ಒಂದು ಟ್ಯೂಬ್ ಎರಡು ತಿಂಗಳು ಬಂತು ಎನ್ನುವವರು ಹಚ್ಚುವುದು ಹಣೆಗೆ ಗಂಧ ಇಟ್ಟಷ್ಟು.

ಬಾಟಲಿಯ ಲೋಷನ್‌ನಲ್ಲಿ ನೀರೇ ಹೆಚ್ಚು, ಹಚ್ಚಿದಾಗ ತಂಪು, ಹತ್ತು ನಿಮಿಷಕ್ಕೆ ಮಾಯ. ಕೆಲಸದ ನಡುವೆ ಗ್ಲಿಸರಿನ್ ಇರುವ ಗಟ್ಟಿ ಕ್ರೀಮ್, ರಾತ್ರಿ ಬಿಳಿ ಪೆಟ್ರೋಲಿಯಂ ಜೆಲ್ಲಿ: ಇದು ನಮ್ಮ ಸಲಹೆ. ಜೆಲ್ಲಿ ಅಗ್ಗ, ಪರಿಮಳವಿಲ್ಲದ್ದು ಸಿಗುತ್ತದೆ, ತೇವ ಹೊರಹೋಗದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಕೊಬ್ಬರಿ ಎಣ್ಣೆಯೂ ಆದೀತು, ಆದರೆ ಪದರ ತೆಳು, ಬೇಗ ಒರೆಸಿ ಹೋಗುತ್ತದೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಶಿರಸಿಯ ಚಳಿಯಲ್ಲಿ ಬಾಟಲಿಯಿಂದ ಬೀಳುವುದೇ ಇಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳಿ.

ಇಷ್ಟನ್ನೂ 14 ದಿನ ಬಿಡದೆ ಮಾಡಿ. ಅರ್ಧಕ್ಕಿಂತ ಹೆಚ್ಚು ಕಡಿಮೆಯಾದರೆ ಕಾರಣ ಸಿಕ್ಕಿತು. ಕಡಿಮೆಯಾದ ಕೂಡಲೇ ನಿಲ್ಲಿಸಬೇಡಿ. ಹೊರಗೆ ಕೈ ನುಣುಪಾಗಿ ಕಂಡರೂ ಒಳಗಿನ ಗೋಡೆ ಗಟ್ಟಿಯಾಗಲು ಇನ್ನೂ ಹಲವು ವಾರ ಬೇಕು.

ಉಂಗುರದ ಕೆಳಗೆ ಅಥವಾ ಬೆರಳ ಸಂದಿಯಲ್ಲಿ ಮಾತ್ರ ಕೆಂಪು

ಉಂಗುರದ ಅಡಿಯಲ್ಲಿ ಸಾಬೂನು ನೀರು ನಿಲ್ಲುತ್ತದೆ. ಎರಡು ವಾರ ತೆಗೆದಿಡಿ. ವಾಸಿಯಾಗಿ, ಹಾಕಿಕೊಂಡ ಮೇಲೆ ಮತ್ತೆ ಬಂದರೆ ಉಂಗುರವನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು ನೋಡಿ. ಆಗಲೂ ಬಂದರೆ ಲೋಹದ ಅಲರ್ಜಿ, ಹೆಚ್ಚಾಗಿ ನಿಕಲ್‌ನದು. ಸಂದಿಯಲ್ಲಿ ಚರ್ಮ ಬೆಳ್ಳಗೆ ನೆಂದಂತಾಗಿ ಸುಲಿಯುತ್ತಿದ್ದರೆ ಜಿಡ್ಡು ಹಚ್ಚುವುದು ಮದ್ದಲ್ಲ, ಒಣಗಿಸುವುದು ಮದ್ದು. ಆಷಾಢದಲ್ಲಿ ಅಲ್ಲಿ ಬೂಸು (ಶಿಲೀಂಧ್ರ) ಸೇರಿಕೊಳ್ಳುತ್ತದೆ.

ಸ್ಯಾನಿಟೈಸರ್ ಹಚ್ಚಿದರೆ ಚುರುಗುಟ್ಟುತ್ತದೆ

ಉರಿಯಿತೆಂದು ಸ್ಯಾನಿಟೈಸರ್ ಬಿಟ್ಟು ಮತ್ತೆ ಮತ್ತೆ ಸಾಬೂನಿಗೆ ಹೋಗುವುದು ಸಾಮಾನ್ಯ, ತಪ್ಪು ಕೂಡ. ಗ್ಲಿಸರಿನ್ ಸೇರಿಸಿದ ಆಲ್ಕೊಹಾಲ್ ದ್ರವ ಸಾಬೂನಿಗಿಂತ ಚರ್ಮಕ್ಕೆ ಸೌಮ್ಯ. ಅದು ಉರಿಯುತ್ತಿದೆ ಎಂದರೆ ಕಣ್ಣಿಗೆ ಕಾಣದ ಬಿರುಕು ಆಗಲೇ ಬಿದ್ದಿದೆ ಎಂದರ್ಥ. ಕೈಗೆ ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಅದನ್ನೇ ಬಳಸಿ, ಪೂರ್ತಿ ಆರುವವರೆಗೆ ಉಜ್ಜಿ. ಆರುವ ಮುಂಚೆ ಒಲೆಯ ಹತ್ತಿರ ಹೋಗಬೇಡಿ. ಸಾಬೂನಿನಲ್ಲಿ ತೊಳೆದ ಬೆನ್ನಿಗೇ ‘ಇರಲಿ’ ಎಂದು ಇದನ್ನೂ ಹಚ್ಚುವುದು ಎರಡು ಪೆಟ್ಟು. ಮೀನಿನ ಲೋಳೆ, ಸಗಣಿ, ಎಣ್ಣೆ ಇದ್ದರೆ, ಶೌಚಕ್ಕೆ ಹೋಗಿ ಬಂದರೆ ಸಾಬೂನೇ ಬೇಕು. ಕೈ ಒಡೆದಿದೆ ಎಂದು ಅಲ್ಲಿ ತೊಳೆಯುವುದನ್ನು ಕಡಿಮೆ ಮಾಡುವಂತಿಲ್ಲ.

ಬೆರಳ ತುದಿ ಸೀಳಿದೆ, ಉಪ್ಪು ಮುಟ್ಟಿದರೆ ಜೀವ ಹೋಗುತ್ತದೆ

ಮೊದಲು ಯಾವ ಕೈ, ಯಾವ ಬೆರಳು ನೋಡಿ. ಬಲಗೈಯವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಮಾತ್ರ ಸೀಳಿದ್ದರೆ ಬೆಳ್ಳುಳ್ಳಿಯ ಮೇಲೆ ಅನುಮಾನ. ಹೆಚ್ಚುವಾಗ ಎಸಳು ಹಿಡಿಯುವುದು ಆ ಮೂರು ಬೆರಳು. ಅದರ ರಸ ತೆಳು ಗ್ಲೌಸನ್ನೂ ದಾಟುತ್ತದೆ. ಎರಡು ವಾರ ಬೇರೆ ಯಾರಾದರೂ ಸುಲಿಯಲಿ, ಜಜ್ಜುವ ಕಲ್ಲು ಬಳಸಿ. ಎರಡೂ ಕೈಯ ಎಲ್ಲ ಬೆರಳೂ ಸೀಳಿದ್ದರೆ ಒದ್ದೆ ಕೆಲಸವೇ ಕಾರಣ.

ಸೀಳಿಗೆ ರಾತ್ರಿಯ ಉಪಚಾರ ಹೀಗೆ. 10 ನಿಮಿಷ ಉಗುರು ಬೆಚ್ಚಗಿನ ಸಾದಾ ನೀರಿನಲ್ಲಿ ಕೈ ಅದ್ದಿ, ಒತ್ತಿ ಒರೆಸಿ, ಸೀಳಿನೊಳಗೆ ತುಂಬುವಂತೆ ಜೆಲ್ಲಿ ಅಥವಾ ಮುರುಗಲು (ಕೋಕಂ) ತುಪ್ಪ ಹಚ್ಚಿ, ಹತ್ತಿ ಗ್ಲೌಸ್ ಹಾಕಿಕೊಂಡೋ ಹಳೇ ಪಂಚೆಯ ತುಂಡನ್ನು ಸಡಿಲವಾಗಿ ಸುತ್ತಿಕೊಂಡೋ ಮಲಗಿ. ಹಗಲಲ್ಲಿ ಸೀಳಿನ ಎರಡು ಅಂಚು ಕೂಡಿಸಿ ಕಾಗದದ ಸರ್ಜಿಕಲ್ ಟೇಪ್ ಸುತ್ತಿ. ಬೆರಳು ಮಡಚಿದಾಗಲೆಲ್ಲ ಸೀಳು ಬಾಯಿ ತೆರೆಯುವುದೇ ವಾಸಿಯಾಗದಿರಲು ಕಾರಣ, ಟೇಪ್ ಅದನ್ನು ತಡೆಯುತ್ತದೆ. ಒದ್ದೆಯಾದ ಟೇಪ್ ಕೂಡಲೇ ಬದಲಿಸಿ. ಸಾಮಾನ್ಯ ಸೀಳು ಒಂದರಿಂದ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ.

ಮುರುಗಲು ತುಪ್ಪ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಸದಲ್ಲ, ಹಿಮ್ಮಡಿ ಒಡೆದರೆ ಮೊದಲು ನೆನಪಾಗುವುದೇ ಅದು. ಮುರುಗಲು ಬೀಜದ ಈ ಕೊಬ್ಬು ಕೋಣೆಯ ಬಿಸಿಗೆ ಗಟ್ಟಿ ಉಂಡೆ, ಸುಮಾರು 38ರಿಂದ 40 ಡಿಗ್ರಿಗೆ ಕರಗುತ್ತದೆ, ಅಂದರೆ ಅಂಗೈ ಬಿಸಿಗೆ ಮೆತ್ತಗಾಗುತ್ತದೆಯೇ ಹೊರತು ಹರಿಯುವುದಿಲ್ಲ. ಸೀಳಿನಲ್ಲಿ ನಿಲ್ಲುವುದು ಇದೇ ಗುಣದಿಂದ. ಉಂಡೆಯನ್ನು ನೇರ ಒಡಕಿಗೆ ಉಜ್ಜಿದರೆ ತರಚುತ್ತದೆ. ಒಂದು ಪಾಲು ತುಪ್ಪ ಹೆರೆದು, ಎರಡು-ಮೂರು ಪಾಲು ಕೊಬ್ಬರಿ ಎಣ್ಣೆಯೊಂದಿಗೆ ಬಟ್ಟಲಲ್ಲಿ ಹಾಕಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಕಲಸುತ್ತಾ ಆರಿಸಿ. ಮುಲಾಮಿನ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲಿ ತುಪ್ಪದ ಪಾಲು ಹೆಚ್ಚಿಸಿ. ಒಣ ಚಮಚದಲ್ಲೇ ತೆಗೆಯಿರಿ, ನೀರು ಬಿದ್ದರೆ ಕೆಡುತ್ತದೆ. ಕಾದ ತುಪ್ಪವನ್ನು ಸೀಳಿಗೆ ಹನಿ ಹನಿಯಾಗಿ ಬಿಡುವುದು ಮಾತ್ರ ಬೇಡವೇ ಬೇಡ. ಸುಟ್ಟ ಗಾಯ ಸೀಳಿಗಿಂತ ಕೆಟ್ಟದ್ದು.

ಎಚ್ಚರ: ಜೆಲ್ಲಿ, ಎಣ್ಣೆ ಹೀರಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಒಲೆ, ದೀಪದ ಹತ್ತಿರ ಹೋಗಬೇಡಿ.

ಅಂಗೈ ದಪ್ಪಗಟ್ಟಿ ಒರಟಾಗಿದ್ದು ಬಿರುಕು ಇನ್ನೂ ಬಾಯಿ ಬಿಡದಿದ್ದರೆ 10 ಶೇಕಡಾ ಯೂರಿಯಾ ಇರುವ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ತೆರೆದ ಸೀಳಿಗೆ ಅದನ್ನು ಹಚ್ಚಿದರೆ ಕುಣಿಯುವಂತಾಗುತ್ತದೆ. ಸುಣ್ಣ, ನಿಂಬೆರಸ, ಅಂಗಡಿಯ ದಿಢೀರ್ ಅಂಟು ಯಾವುದೂ ಸೀಳಿಗೆ ಬೇಡ. ಮೀನು ವಾಸನೆ ಹೋಗಲೆಂದು ನಿಂಬೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು.

ಗ್ಲೌಸ್ ಹಾಕಿದ ಮೇಲೆ ಹೆಚ್ಚಾಯಿತು

ಮೂರು ಸಾಧ್ಯತೆ. ಒಳಗೆ ಬೆವರಿ ಕೈ ನೆನೆಯುತ್ತಿದೆ, ತೂತಿನಿಂದ ಸಾಬೂನು ನೀರು ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿದೆ, ಅಥವಾ ರಬ್ಬರೇ ಆಗಿಬರುತ್ತಿಲ್ಲ. ತೂತು ಪತ್ತೆಗೆ ಗ್ಲೌಸಿಗೆ ನೀರು ತುಂಬಿ ಹಿಂಡಿ ನೋಡಿ. ಬೆವರಿಗೆ, ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ, ಹೊರಗಿನದು ಒಂದು ಅಳತೆ ದೊಡ್ಡದಿರಲಿ. ಒಂದೇ ಬಾರಿಗೆ 20 ನಿಮಿಷಕ್ಕಿಂತ ಹೆಚ್ಚು ಬೇಡ. ಕಳಚಿದ ಮೇಲೆ ಒಳಹೊರಗು ಮಾಡಿ ನೇತು ಹಾಕಿ. ಉರಿ, ಗುಳ್ಳೆ ಮಣಿಕಟ್ಟಿನ ಹತ್ತಿರ ಗೆರೆ ಎಳೆದಂತೆ ನಿಂತಿದ್ದರೆ ರಬ್ಬರ್ ಅಲರ್ಜಿ ಇರಬಹುದು, ವಿನೈಲ್ ಗ್ಲೌಸ್ ಹಾಕಿ ನೋಡಿ. ಪೆಟ್ರೋಲಿಯಂ ಜೆಲ್ಲಿ ಹಚ್ಚಿ ತೆಳು ಲೇಟೆಕ್ಸ್ ಗ್ಲೌಸ್ ಹಾಕಿದರೆ ಲೇಟೆಕ್ಸ್ ಸಡಿಲವಾಗಿ ಹರಿಯುತ್ತದೆ, ನರ್ಸ್‌ಗಳು ಗಮನಿಸಬೇಕು.

ತೊಳೆಯುವುದಕ್ಕಿಂತ, ತೊಳೆಯುತ್ತಿರುವ ವಸ್ತುವೇ ತೊಂದರೆ ಕೊಡುತ್ತಿರುವಾಗ

ಹಲಸಿನ ಮೇಣ ಬಿಡಿಸಲು ಸೀಮೆಎಣ್ಣೆ, ಕೈಗೆ ಅಂಟಿದ ಅಡಿಕೆ ಚೊಗರಿನ ಕಪ್ಪು ಹೋಗಲು ಬ್ಲೀಚಿಂಗ್ ಪೌಡರ್. ಇವೆರಡೂ ಕೈಯ ಜಿಡ್ಡನ್ನು ಒಂದೇ ಸಲಕ್ಕೆ ಬೋಳಿಸುತ್ತವೆ. ಮೇಣಕ್ಕೆ ಮೊದಲೇ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ, ಅಂಟಿದ ಮೇಲೂ ಎಣ್ಣೆಯಿಂದಲೇ ಉಜ್ಜಿ ಬಟ್ಟೆಯಲ್ಲಿ ಒರೆಸಿ. ಚೊಗರಿನ ಬಣ್ಣ ಚರ್ಮ ಸವೆದಂತೆ ತಾನಾಗಿ ಹೋಗುತ್ತದೆ, ಅದಕ್ಕೆ ಜಗಳ ಬೇಡ. ಬ್ಲೀಚಿಂಗ್ ಪೌಡರನ್ನು ಶೌಚಾಲಯದ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ.

ಗೇರುಬೀಜದ ಸಿಪ್ಪೆಯ ಎಣ್ಣೆಯ ಕಥೆ ಬೇರೆ. ಅದು ಚರ್ಮವನ್ನು ಸುಡುತ್ತದೆ, ಕೆಲವರಿಗೆ ಅಲರ್ಜಿಯಾಗಿ ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಏಳುತ್ತದೆ. ಮಾವಿನ ಸೊನೆಯೂ ಅದೇ ಕುಲದ್ದು, ಒಂದು ಆಗದವರಿಗೆ ಇನ್ನೊಂದೂ ಆಗದಿರಬಹುದು.

ಶೆಟ್ಲಿ, ಮೀನು ಮುಟ್ಟಿದ ಅರ್ಧ ಗಂಟೆಯೊಳಗೇ ತುರಿಸಿ ದದ್ದು ಎದ್ದರೆ ಅದು ಸಾಬೂನಿನ ಕೆಲಸವಲ್ಲ, ಮೀನಿನ ಪ್ರೋಟೀನಿನ ಅಲರ್ಜಿ. ತುಟಿ ಊದಿತು, ಉಸಿರು ಕಟ್ಟಿತು ಎಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಸಿಮೆಂಟ್ ಕಲಸುವ ಗಾರೆ ಕೆಲಸದವರ ಕೈ ಒಡೆದರೆ ಕ್ಷಾರ ಒಂದು ಕಾರಣ, ಸಿಮೆಂಟಿನ ಕ್ರೋಮೇಟ್ ಅಲರ್ಜಿ ಇನ್ನೊಂದು. ಎರಡನೆಯದು ಬಂದರೆ ಜಿಡ್ಡು ಹಚ್ಚಿ ಮುಗಿಯುವುದಿಲ್ಲ.

ಎಲ್ಲ ಮಾಡಿದರೂ ಹದಿನಾಲ್ಕು ದಿನಕ್ಕೆ ಕಡಿಮೆಯಾಗಿಲ್ಲ

ಆಗ ಇದು ತೊಳೆದದ್ದರಿಂದ ಬಂದದ್ದೇ ಎಂದು ಮತ್ತೆ ಕೇಳಿಕೊಳ್ಳಬೇಕು.

ಒಂದೇ ಅಂಗೈ ಹಿಟ್ಟು ಸವರಿದಂತೆ ಒಣಗಿ, ಜೊತೆಗೆ ಎರಡೂ ಪಾದ ಸಿಪ್ಪೆ ಬಿಡುತ್ತಿದ್ದರೆ ಅದು ಬೂಸಿನ ಸೋಂಕು. ತೊಳೆಯುವುದು ಎರಡೂ ಕೈಯನ್ನಲ್ಲವೇ, ಒಡೆದರೆ ಎರಡೂ ಒಡೆಯಬೇಕು. ಬೆರಳ ಬದಿಯಲ್ಲಿ, ಅಂಗೈಯಲ್ಲಿ ಚರ್ಮದೊಳಗೆ ಹುದುಗಿದ ಬೆಂದ ಸಾಬಕ್ಕಿಯಂಥ ಗುಳ್ಳೆ, ವಿಪರೀತ ತುರಿಕೆ ಇದ್ದರೆ ಅದು ಎಕ್ಸಿಮಾದ ಒಂದು ಬಗೆ, ಒಡೆಯಬೇಡಿ. ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ತುರಿಕೆ ಹೆಚ್ಚಿ, ಬೆರಳ ಸಂದಿ ಮತ್ತು ಮಣಿಕಟ್ಟಿನಲ್ಲಿ ಚುಕ್ಕೆಗಳಿದ್ದು, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ. ಮನೆಮಂದಿಯೆಲ್ಲ ಒಂದೇ ದಿನ ಮದ್ದು ಹಚ್ಚಿಕೊಳ್ಳಬೇಕು, ಇಲ್ಲವಾದರೆ ಸುತ್ತು ಹೊಡೆಯುತ್ತಲೇ ಇರುತ್ತದೆ. ದಪ್ಪ ಬೆಳ್ಳಿ ಹೊಟ್ಟಿನಂಥ ಪದರ ಮೊಣಕೈ, ಮೊಣಕಾಲಲ್ಲೂ ಇದ್ದು, ಉಗುರಲ್ಲಿ ಸೂಜಿಮೊನೆಯ ಗುಳಿಗಳಿದ್ದರೆ ಸೋರಿಯಾಸಿಸ್.

ಇನ್ನೊಂದನ್ನು ಯಾರೂ ದೂರು ಹೇಳುವುದಿಲ್ಲ: ಆಳವಾಗಿ ಸೀಳಿದೆ, ಆದರೆ ನೋವೇ ಇಲ್ಲ. ಬಿಸಿ ಪಾತ್ರೆ ಮುಟ್ಟಿದ್ದು ಬೊಬ್ಬೆ ನೋಡಿದ ಮೇಲೆ ಗೊತ್ತಾಗುತ್ತದೆ. ಉರಿಯುವ ಕೈಗಿಂತ ಇದಕ್ಕೇ ಹೆಚ್ಚು ಹೆದರಬೇಕು. ಸಕ್ಕರೆ ಕಾಯಿಲೆ ಅಥವಾ ಕುಷ್ಠದಿಂದ ನರ ಸತ್ತಿರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಕುಷ್ಠಕ್ಕೆ ಔಷಧ ಉಚಿತ, ಬೇಗ ಶುರು ಮಾಡಿದರೆ ಬೆರಳು ಉಳಿಯುತ್ತದೆ.

ಈ ಹಂತದಲ್ಲಿ ಅಂಗಡಿಯವರು ಕೊಡುವ ‘ಎಲ್ಲದಕ್ಕೂ ಒಂದೇ’ ಕ್ರೀಮ್ ಮುಟ್ಟಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಕೈ ನುಣುಪಾಗುತ್ತದೆ, ಬೂಸಿದ್ದರೆ ಒಳಗೊಳಗೇ ಹಬ್ಬುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. ಎಕ್ಸಿಮಾಗೆ ಸ್ಟೀರಾಯ್ಡ್ ಒಳ್ಳೆಯ ಮದ್ದೇ, ಆದರೆ ಎಷ್ಟು ಬಲದ್ದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು.

ಇಲ್ಲಿ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ

ಉಗುರಿನ ಬುಡ ಊದಿ, ಟಿಕ್ ಟಿಕ್ ಎಂದು ಸಿಡಿದು ಕೀವು ತುಂಬಿದರೆ ಉಗುರುಸುತ್ತು. ನಿಂಬೆಹಣ್ಣಿಗೆ ಬೆರಳು ತೂರಿಸಿ ಕೂರುವ ಬದಲು ಅದೇ ದಿನ ವೈದ್ಯರಿಗೆ ತೋರಿಸಿ. ಸೀಳಿನಿಂದ ಕೆಂಪು ಗೆರೆ ಮೇಲಕ್ಕೆ ಏರುತ್ತಿದ್ದರೆ, ಜ್ವರ ಬಂದರೆ, ಸಕ್ಕರೆ ಕಾಯಿಲೆಯವರ ಸೀಳು ಒಂದು ವಾರಕ್ಕೆ ಕೂಡದಿದ್ದರೆ ಹಾಗೆಯೇ.

ಮೀನಿನ ಮುಳ್ಳು, ಶೆಟ್ಲಿಯ ಕೊಂಬು ಚುಚ್ಚಿದ ಗಾಯವನ್ನು ಬೇರೆಯಾಗಿಯೇ ನೋಡಬೇಕು. ಕೂಡಲೇ ಶುದ್ಧ ನೀರು, ಸಾಬೂನಿನಲ್ಲಿ ಚೆನ್ನಾಗಿ ತೊಳೆದು, ಮುಳ್ಳು ಒಳಗೆ ಉಳಿದಿದೆಯೇ ನೋಡಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ನೆನಪಿಲ್ಲದಿದ್ದರೆ ಹಾಕಿಸಿಕೊಳ್ಳಿ. ಎರಡರಿಂದ ಏಳು ದಿನದಲ್ಲಿ ಬೆರಳು ನೇರಳೆ-ಕೆಂಪಾಗಿ ಊದಿ ನೋಯುವ ಸೋಂಕು ಮೀನು ಮುಟ್ಟುವವರಲ್ಲಿ ಕಂಡುಬರುತ್ತದೆ, ಆ್ಯಂಟಿಬಯೊಟಿಕ್‌ಗೆ ಬಗ್ಗುತ್ತದೆ. ವಾರಗಟ್ಟಲೆ ಬಿಟ್ಟು ಗಂಟು ಕಟ್ಟಿ, ಕೈಮೇಲೆ ಒಂದರ ಹಿಂದೊಂದು ಏರುತ್ತಿದ್ದರೆ ಅದು ಬೇರೆಯೇ ರೋಗಾಣು, ತಿಂಗಳುಗಟ್ಟಲೆ ಔಷಧ ಬೇಕಾಗಬಹುದು. ಉಪ್ಪುನೀರು ಗಾಯಕ್ಕೆ ತಗುಲಿದ ಒಂದು ದಿನದೊಳಗೆ ಗಾಯಕ್ಕೆ ಮೀರಿದ ನೋವು, ರಕ್ತದ ಬಣ್ಣದ ಬೊಬ್ಬೆ, ಜ್ವರ ಬಂದರೆ ಗಂಟೆಗಳ ಲೆಕ್ಕ. ಯಕೃತ್ತಿನ ತೊಂದರೆ, ಸಕ್ಕರೆ ಕಾಯಿಲೆ, ಕುಡಿತ ಇರುವವರಿಗೆ ಇದು ಜೀವಕ್ಕೇ ಬರುತ್ತದೆ. ಬೆಳಗಾಗಲಿ ಎನ್ನಬೇಡಿ.

ತುರ್ತಲ್ಲದ, ಹಟ ಹಿಡಿದ ಕೈಗೆ ಚರ್ಮರೋಗ ವಿಭಾಗಕ್ಕೆ ಹೋಗಿ. ಅಲರ್ಜಿ ಅನುಮಾನ ಇದ್ದರೆ ಪ್ಯಾಚ್ ಪರೀಕ್ಷೆ ಮಾಡುತ್ತಾರೆ: ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು, ಬೆವರು ತಾಗಬಾರದು, ಹಾಗಾಗಿ ಸುಗ್ಗಿ, ಬೇಸಿಗೆ ಬಿಟ್ಟು ದಿನ ಆರಿಸಿಕೊಳ್ಳಿ. ಹೋಗುವಾಗ ಬಳಸುವ ಸಾಬೂನಿನ ಹೊದಿಕೆ, ಹಚ್ಚಿದ ಕ್ರೀಮಿನ ಟ್ಯೂಬ್, ಗ್ಲೌಸ್ ಒಯ್ಯಿರಿ. ಹಬ್ಬಕ್ಕೆ ನಾಲ್ಕು ದಿನ ಕೆಲಸ ಬಿಟ್ಟಾಗ ಕೈ ಹೇಗಿತ್ತು ಎಂದು ನೆನಪು ಮಾಡಿಕೊಂಡು ಹೋಗಿ, ವೈದ್ಯರು ಕೇಳುವ ಮೊದಲ ಪ್ರಶ್ನೆ ಬಹುಶಃ ಅದೇ. ಹಿಂದಿನ ದಿನ ಕೈಗೆ ಅರಿಶಿನ, ಮೆಹಂದಿ ಹಚ್ಚಬೇಡಿ. ಬಣ್ಣದಡಿಯ ಕೆಂಪು ಅವರಿಗೆ ಕಾಣುವುದಿಲ್ಲ.